ಅವ್ವ ತೊಳೆದುಕೊಂಡ ಪೌಡರ್

ಆ ಕಂಪನಿಯವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ.

ರಾಯಚೂರಿನಲ್ಲಿ ನನ್ನದು ಮದುವೆ ವಿಡಿಯೋ ತೆಗೆಯುವ ಅಂಗಡಿ. ಹತ್ತಿ ಬಿಡಿಸುವ ಹೆಂಗಸರ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಬೆಂಗಳೂರಿನ ಕಂಪನಿಯೊಂದು ಹಂಗೇರಿಯಿಂದ ಒಬ್ಬ ಹಿರಿಯ ಛಾಯಾಗ್ರಾಹಕರನ್ನು ಕರೆಸಿತ್ತು. ಅವರಿಗೆ ಸಹಾಯಕನಾಗಿ ನಾನು ಹೋದೆ. ಅವರು ಬುಡಾಪೆಸ್ಟಿನ ಸ್ಟುಡಿಯೋದಲ್ಲಿ ಕ್ಯಾಮೆರಾಕ್ಕೆ ರೀಲು ತುಂಬುವ ಕೆಲಸದಿಂದ ಶುರುಮಾಡಿದವರು. ಗಣಿ ಕಾರ್ಮಿಕರ ಕಪ್ಪುಬಿಳುಪು ಚಿತ್ರಗಳಿಂದ ಹೆಸರು ಮಾಡಿ, ಆಮೇಲೆ ಹೊಟ್ಟೆಪಾಡಿಗೆ ಸೋಪಿನ ಜಾಹೀರಾತು ತೆಗೆದರು. "ನನ್ನ ಒಳ್ಳೆಯ ವರ್ಷಗಳನ್ನೆಲ್ಲ ಆ ಸೋಪು ತಿಂದುಹಾಕಿತು" ಎಂದು ಮಾನ್ವಿ ರಸ್ತೆಯ ಚಹಾದಂಗಡಿಯಲ್ಲಿ ಕೂತು ಹರುಕುಮುರುಕು ಇಂಗ್ಲಿಷಿನಲ್ಲಿ ಬೈಯುತ್ತಿದ್ದರು. ಇದೇ ಕೊನೆಯ ಚಿತ್ರ, ಇದಾದರೂ ನೆಟ್ಟಗಿರಬೇಕು ಎಂಬುದು ಅವರ ಹಟ.

ದೇವದುರ್ಗದ ಹೊಲದಲ್ಲಿ ಹತ್ತಿ ಬಿಡಿಸುವ ನಮ್ಮವ್ವನನ್ನೇ ಚಿತ್ರೀಕರಿಸುವುದೆಂದಾಯಿತು. ನಮ್ಮ ಕಡೆ ಕ್ಯಾಮೆರಾ ಬಂತೆಂದರೆ ಮೊದಲು ಹೊರಬರುವುದು ಪೌಡರ್ ಡಬ್ಬಿ. ಓಣಿಯ ಹೆಂಗಸರು ಸೇರಿ ಅವ್ವನ ಮುಖಕ್ಕೆ ಬಳಿದಿದ್ದರು. ಕುತ್ತಿಗೆ ಕಪ್ಪು, ಮುಖ ಬೂದಿ. ನೋಡಿದ ಕೂಡಲೇ ಛಾಯಾಗ್ರಾಹಕರು ತೊಳೆದುಕೊಂಡು ಬರಲು ಹೇಳಿದರು. ನಾನು ಅದನ್ನು ಅವ್ವನಿಗೆ ತಿಳಿಸಿದೆ. ಅವಳಿಗೆ ಸಿಟ್ಟು ಬಂತು.

"ಈ ಕರೀ ಮಾರಿ ನೋಡಾಕ ಅಷ್ಟು ದೂರದಿಂದ ಬಂದಾನೇನು?"

"ಹೂಂ ಬೇ ಯವ್ವಾ, ಅದಕ್ಕ ಬಂದಾರ."

ಗೊಣಗುತ್ತಲೇ ಕೊಡದ ನೀರಿನಲ್ಲಿ ಮುಖ ತೊಳೆದಳು. ಬಿಸಿಲು ಇಳಿಯುವವರೆಗೆ ಅವರು ಕಾದು ಕೂತರು. ತೆಗೆದದ್ದನ್ನು ಕ್ಯಾಮೆರಾದಲ್ಲೇ ತೋರಿಸಿದಾಗ ಅವ್ವ ಬಹಳ ಹೊತ್ತು ನೋಡಿದಳು.

"ನಮ್ಮವ್ವನಂಗ ಕಾಣಾಕತ್ತೀನಿ," ಎಂದಳು. ಅವಳ ತಾಯಿಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ.

ಚಿತ್ರ ಬಿಡುಗಡೆಯಾದಾಗ ಅದರಲ್ಲಿ ಛಾಯಾಗ್ರಾಹಕರ ಹೆಸರೇ ಇರಲಿಲ್ಲ. "ನನ್ನ ಹೆಸರನ್ನು ನಾನೇ ತೆಗೆಸಿಹಾಕಿದೆ. ಯಾಕೆಂದು ನೀನೇ ನೋಡು" ಎಂದು ಮೆಸೇಜ್ ಕಳಿಸಿದ್ದರು. ಅಂಗಡಿಯಲ್ಲಿ ಅವ್ವನನ್ನು ಕೂರಿಸಿಕೊಂಡು ಚಿತ್ರ ಹಾಕಿದೆ. ಕಂಪನಿಯವರು ಬಣ್ಣ ತಿದ್ದುವಾಗ ಹೆಂಗಸರ ಮುಖಗಳನ್ನೆಲ್ಲ ಬೆಳ್ಳಗೆ ಮಾಡಿಬಿಟ್ಟಿದ್ದರು. ಕೂತಲ್ಲಿಂದಲೇ ಫೋನು ಹಚ್ಚಿದೆ.

"ನೋಡೋಕೆ ಚೆನ್ನಾಗಿರಲಿ ಅಂತ ಸ್ವಲ್ಪ ಬ್ರೈಟ್ ಮಾಡಿದ್ವಿ ಸರ್," ಎಂದ ಒಬ್ಬ.

ಯಾರ ಕಣ್ಣಿಗೆ ಚೆನ್ನಾಗಿ? ಒಬ್ಬ ಮನುಷ್ಯನ ಇಡೀ ಬದುಕಿನ ಕೆಲಸದ ಮೇಲೆ ಸುಣ್ಣ ಬಳಿದು, ಚೆನ್ನಾಗಿದೆಯಂತೆ. ಬಾಯಿಗೆ ಬಂದಂತೆ ಬೈದು ಫೋನು ಇಟ್ಟೆ.

ಅವ್ವ ಪರದೆಯಿಂದ ಕಣ್ಣು ಕೀಳದೆ ಕೇಳಿದಳು:

"ಯಪ್ಪಾ, ಪೌಡರ್ ನಾ ತೊಳಕೊಂಡಿದ್ನಲ್ಲಾ. ಮತ್ತ ಯಾರು ಹಚ್ಯಾರ?"