ಚಿಗವ್ವ ನೀರು ಹೊಡೆದ ನೂಲು

ನಾನು ರಸಾಯನಶಾಸ್ತ್ರ ಕಲಿಸುವ ಕಾಲೇಜು ಗಜೇಂದ್ರಗಡದಲ್ಲಿದೆ, ಮನೆ ರೋಣದಲ್ಲಿ. ದಿನಾ ಬಸ್ಸಿನಲ್ಲಿ ಓಡಾಡುತ್ತ, ಉಳಿದ ಹೊತ್ತಿನಲ್ಲಿ ಪಿಎಚ್‌ಡಿ ಮಾಡುತ್ತೇನೆಂದು ಹೊರಟ ಭಂಡ ಧೈರ್ಯದವಳು ನಾನು. ವಿಷಯ ನ್ಯಾನೊ ನಾರು. ಅಂಟಿನಂಥ ಪಾಲಿಮರನ್ನು ನೀರಿನಲ್ಲಿ ಕರಗಿಸಿ ಸಿರಿಂಜಿಗೆ ತುಂಬಿ, ಸೂಜಿಗೆ ಸಾವಿರಾರು ವೋಲ್ಟ್ ವಿದ್ಯುತ್ ಕೊಟ್ಟರೆ, ತುದಿಯ ಹನಿ ಎಳೆಯಾಗಿ ಚಿಮ್ಮುತ್ತದೆ. ದಾರಿಯಲ್ಲೇ ನೀರು ಆರಿ, ಎದುರಿನ ಅಲ್ಯೂಮಿನಿಯಂ ಹಾಳೆಯ ಮೇಲೆ ಕೂದಲಿಗಿಂತ ನೂರಾರು ಪಟ್ಟು ತೆಳ್ಳಗಿನ ನಾರು ಬಂದು ಕೂರುತ್ತದೆ. ಅಂಥ ಪದರ ಧೂಳು ಸೋಸುವ ಮಾಸ್ಕಿಗೆ, ಗಾಯದ ಪಟ್ಟಿಗೆ, ಬ್ಯಾಟರಿಯ ಒಳಗೆ, ಎಲ್ಲಕ್ಕೂ ಬೇಕು. ಇದೆಲ್ಲ ಪುಸ್ತಕದಲ್ಲಿ ಆಗುತ್ತಿತ್ತು. ಈ ಬೇಸಿಗೆಯಲ್ಲಿ ಕಾಲೇಜಿನಲ್ಲಿ ಮಶೀನು ಹೂಡಿದ ನನ್ನ ಕೋಣೆಯಲ್ಲಿ ಆಗುತ್ತಿರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಗಳಿಲ್ಲ, ಬರೀ ಸಾಬೂದಾಣಿಯಂಥ ಗುಂಡುಗಳು. ಪಾಲಿಮರನ್ನು ಬೈದೆ, ಸಿರಿಂಜನ್ನು ಬೈದೆ, ಕರೆಂಟಿನವರನ್ನಂತೂ ದಿನಕ್ಕೆರಡು ಸಲ ಬೈದೆ. ಧಾರವಾಡದ ನನ್ನ ಮಾರ್ಗದರ್ಶಕರು ಫೋನಿನಲ್ಲಿ ಮೆತ್ತಗೆ ಹೇಳಿದರು: “ಬರೂ ಸೋಮವಾರ ಒಂದು ಚಲೋ ಪದರ ತೋರಸ್ರಿ. ಇಲ್ಲಂದ್ರ ವಿಷಯ ಬದಲಿ ಮಾಡೂಣು.” ಎರಡು ವರ್ಷದ ಕೆಲಸ ನೀರಿಗೆ ಬೀಳುವ ಮಾತು ಅದು.

ಆ ಕೋಣೆಯ ಕಸ ಗುಡಿಸಿ, ಗಾಜಿನ ಸಾಮಾನು ತೊಳೆದಿಡುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಣ್ಣುಮಗಳು. ನೇಕಾರರ ಮನೆಯವರು, ಅವರ ಯಜಮಾನರು ಇನ್ನೂ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಾರೆ. ಕಾಲೇಜೆಲ್ಲ ಅವರನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತದೆ. “ಇಲ್ಲಿ ಏನ್ ಮಾಡ್ತೀರಿ ಮೇಡಂ?” ಎಂದು ಮೊದಲೇ ಕೇಳಿದ್ದರು. “ನೂಲು ತಗೀತೀನಿ, ಚಿಗವ್ವ. ಕಣ್ಣಿಗೆ ಕಾಣದಷ್ಟು ಸಣ್ಣ ನೂಲು,” ಎಂದಿದ್ದೆ. ಅವತ್ತಿನಿಂದ ಆ ಕೋಣೆಯ ಮೇಲೆ ಅವರಿಗೆ ವಿಶೇಷ ಪ್ರೀತಿ. ಎಪ್ರಿಲ್ ಬಿಸಿಲಿನಲ್ಲೂ ಒಳಗೆ ಕಾಲಿಟ್ಟರೆ ತಂಪು. “ಇಡೀ ಕಾಲೇಜಿನ್ಯಾಗ ಇದೊಂದ ಖೋಲಿ ಚಲೋ ಐತಿ,” ಎಂದು ನಾನೇ ಹೊಗಳುತ್ತಿದ್ದೆ. ಅವರು ಸುಮ್ಮನೆ ನಗುತ್ತಿದ್ದರು.

ಶುಕ್ರವಾರ ಕೊನೆಯದೊಂದು ಕೈ ನೋಡೋಣವೆಂದು ಮುಂಜಾನೆಯ ಮೊದಲ ಬಸ್ಸಿಗೇ ಬಂದೆ. ಬಾಗಿಲು ತೆರೆದರೆ ಚಿಗವ್ವ ಕೈಯಲ್ಲಿ ತಂಬಿಗೆ ಹಿಡಿದು ನೆಲಕ್ಕೆಲ್ಲ ನೀರು ಚಿಮುಕಿಸುತ್ತಿದ್ದಾರೆ. ಮೇಜಿನ ಕೆಳಗೆ ಗೋಡೆಗೆ ಒತ್ತಿ ನಾಲ್ಕು ಹಸಿ ಗೋಣಿಚೀಲ. ಬಗ್ಗಿ ನೋಡುವ ರೂಢಿ ನನಗೆ ಎಂದೂ ಇರಲಿಲ್ಲ. ಕಿಟಕಿಗಳೆಲ್ಲ ಭದ್ರ.

“ಚಿಗವ್ವ! ಏನಿದು? ಸಾವಿರಾರು ವೋಲ್ಟಿನ ಮಶೀನ್ ಇರೂ ಜಾಗಾದಾಗ ನೀರು ಹಾಕೂದ? ಜೀವದ ಖಬರ್ ಐತೇನು ನಿಮಗ?” ನನ್ನ ದನಿ ವರಾಂಡದ ತುದಿಗೆ ಕೇಳಿಸಿರಬೇಕು.

ಅವರು ತಂಬಿಗೆ ಕೆಳಗಿಟ್ಟರು. “ಬ್ಯಾಸಗಿ ಐತಲ್ರಿ ಮೇಡಂ, ನೀವು ಬರೂಕಿಂತ ಮೊದಲ ದಿನಾ ಹೊಡಿತೀನ್ರಿ. ಒಣ ಹವಾಕ್ಕ ನೂಲು ಪಟಪಟ ಹರಿತೈತಿ. ನಮ್ಮ ಮಗ್ಗದ ಕುಣಿಗೆ ದಿನಾ ನೀರ ಹೊಡಿತೇವಿ. ನಿಮ್ಮದು ಕಣ್ಣಿಗೆ ಕಾಣದಂಥ ನೂಲು ಅಂದ್ರಿ. ಅದಿನ್ನೂ ಲಗೂನ ಹರಿತೈತಂತ...” ಸೆರಗಿನಿಂದ ಕೈ ಒರೆಸಿಕೊಂಡರು.

ನನಗೆ ಆಗ ಹೊಳೆಯಿತು. ಹವೆಯಲ್ಲಿ ಅಷ್ಟು ತೇವವಿದ್ದರೆ ಎಳೆಯ ನೀರು ದಾರಿಯಲ್ಲಿ ಆರುವುದೆಲ್ಲಿಂದ? ಆರದ ಎಳೆ ಗುಂಡಾಗಿಯೇ ಬೀಳುತ್ತದೆ. ಹತ್ತಿಗೆ ಅಮೃತವಾದದ್ದು ನನ್ನ ನೂಲಿಗೆ ವಿಷ. ಇದು ಚಿಗವ್ವನಿಗೆ ಗೊತ್ತಿರಬೇಕಾದ ಮಾತಲ್ಲ, ನನಗೆ ಗೊತ್ತಿರಬೇಕಾಗಿತ್ತು. ಗಜೇಂದ್ರಗಡದ ಬೇಸಿಗೆಯಲ್ಲಿ ತೇವ ಅಳೆಯುವುದೇನು ಬಂತು ಎಂದು ಅದರ ಮಾಪಕವನ್ನೇ ತರಿಸದೆ ಕೂತ ಜಾಣೆ ನಾನು. ನಗು ಬಂತು, ನಾಚಿಕೆಯೂ ಆಯಿತು. ತಪ್ಪಾಯಿತೆನ್ನದೆ ಗೋಣಿಚೀಲ ಎತ್ತತೊಡಗಿದೆ. ಚಿಗವ್ವ ಇನ್ನೊಂದು ತುದಿ ಹಿಡಿದರು.

ನೆಲ ಒರೆಸಿ, ಕಿಟಕಿ ತೆರೆದು, ಮಧ್ಯಾಹ್ನದವರೆಗೆ ಕೋಣೆ ಒಣಗಲು ಬಿಟ್ಟೆವು. ಆಮೇಲೆ ಮಶೀನು ಹಚ್ಚಿದೆ. ಸಂಜೆಗೆ ಹಾಳೆಯ ಮೇಲೆ ಬೆಳ್ಳಗೆ ಒಂದು ಪದರ ಕೂತಿತ್ತು. ಸೂಕ್ಷ್ಮದರ್ಶಕದಲ್ಲಿ ಎಳೆಯೇ ಎಳೆ, ಒಂದು ಗುಂಡಿಲ್ಲ! ಆದರೆ ಬಿಡಿಸಲು ಹೋದರೆ ನನ್ನ ಬೆರಳಿಗೆ ಅದು ಚೂರಾಗುತ್ತಿತ್ತು. ಎರಡು ಸಲ ಹರಿದೆ. ಉಳಿದದ್ದು ಅಂಗೈಯಗಲ.

“ಸ್ವಲ್ಪ ಬಾಜೂಕ ಸರೀರಿ ಮೇಡಂ,” ಎಂದು ಚಿಗವ್ವ ಮುಂದೆ ಬಂದರು. ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಉಸಿರು ಬಿಗಿಹಿಡಿದು, ಉಳಿದಷ್ಟೂ ಪದರವನ್ನು ಹಾಳೆಯಿಂದ ಬಿಡಿಸಿ ಬೆಳಕಿಗೆ ಹಿಡಿದರು. “ಉದ್ದ ಹಾಸು ಇಲ್ಲ, ಅಡ್ಡ ಹೊಕ್ಕು ಇಲ್ಲ, ಖರೇನ ಅರಿವಿ ಆಗೇತಲ್ರಿ ಇದು!” ಬೈಗುಳ ತಿಂದ ಮುಖ ಈಗ ಅರಳಿತ್ತು.

ಸೋಮವಾರ ಧಾರವಾಡದಲ್ಲಿ ಮಾರ್ಗದರ್ಶಕರು ದೊಡ್ಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರದೆಯನ್ನು ಬಹಳ ಹೊತ್ತು ನೋಡಿದರು. “ಚಲೋ ಬಂದೈತಿ. ಇದನ್ನ ಮುಂದುವರಸ್ರಿ,” ಎಂದರು. ಹೊರಗೆ ಬಂದವಳು ಮನೆಗಲ್ಲ, ಮೊದಲು ಕಾಲೇಜಿಗೆ ಫೋನು ಮಾಡಿ ಚಿಗವ್ವನನ್ನು ಕರೆಸಿದೆ. ವಿಷಯ ಉಳಿಯಿತು ಎಂದೆ. ಅವತ್ತು ಬೈದದ್ದು ನನ್ನ ತಪ್ಪು ಎಂದೂ ಹೇಳಿದೆ.

“ಅದನ್ನ ಬಿಡ್ರಿ ಮೇಡಂ,” ಎಂದರು ಚಿಗವ್ವ. “ಬಸ್ಸಿನ್ಯಾಗ ಒಯ್ಯೂ ಮುಂದ ನೂಲು ಎಲ್ಲೂ ಹರೀಲಿಲ್ಲ ಹೌದಿಲ್ಲೋ? ಮೂರು ದಿನಾ ಆತು, ನನಗ ಅದೇ ಚಿಂತಿ.”