ಬಿಳಿಕಲ್ಲಿನ ಸರದಿ

"ಅಮ್ಮಾ, ಚಿಲೊಂಬೊ ಅಜ್ಜಿ ಆ ಬಿಳೀ ಕಲ್ಲಿಗೆ ಮಾತ್ರ ಯಾಕೆ ಮುತ್ತು ಕೊಡ್ತಾಳೆ? ಮಿಕ್ಕಿದ್ದಕ್ಕೆಲ್ಲ ಬೈತಾಳೆ!"

ಐದು ವರ್ಷದ ಚಿಸೋಲಾ ಹೀಗೆ ಕೇಳಿದ್ದು ಜನತಾ ಅಂಗಡಿಯ ಮುಂದೆ, ನಾಲ್ಕು ಜನರ ಕಿವಿಗೆ ಬೀಳುವ ಹಾಗೆ. ಅವಳ ತಾಯಿ ಜಸಿಂಟಾ ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ಮಗಳ ತೋಳು ಚಿವುಟಿದಳು. ಆದರೆ ಮುದುಕಿಯ ಕಿವಿ ಚುರುಕು.

"ಅದು ಚಿಕ್ಕದು ಕಣೇ ಪುಟ್ಟಿ. ಚಿಕ್ಕವಕ್ಕೆ ಮುತ್ತು, ದೊಡ್ಡವಕ್ಕೆ ಬೈಗುಳ. ನಿಮ್ಮಮ್ಮನೂ ಹಾಗೇ ತಾನೆ?" ಎಂದು ಚಿಲೊಂಬೊ ತನ್ನ ಮುಕ್ಕಾಲಿಯ ಮೇಲೆ ಕುಳಿತೇ ನಕ್ಕಳು.

ಅಂಗೋಲದ ಲೊಬಿಟೊ ಬಂದರಿನಲ್ಲಿ ಆಗ ಸಾಲಿನಲ್ಲಿ ನಿಲ್ಲುತ್ತಿದ್ದುದು ಜನರಲ್ಲ, ಕಲ್ಲುಗಳು. ಅಂಗಡಿಗೆ ಎಣ್ಣೆ ಯಾವಾಗ ಬರುತ್ತದೋ, ಮೀನು ಯಾವಾಗ ಬರುತ್ತದೋ ದೇವರೇ ಬಲ್ಲ. ಅಲ್ಲಿಯವರೆಗೆ ಬಿಸಿಲಲ್ಲಿ ನಿಂತರೆ ಒಲೆ ಹಚ್ಚುವವರು ಯಾರು, ಮಕ್ಕಳ ಮುಸುಡಿ ತೊಳೆಯುವವರು ಯಾರು? ಅದಕ್ಕೆ ಮನೆಗೊಂದು ಕಲ್ಲು. ಕಲ್ಲಿಲ್ಲದವರು ಇಟ್ಟಿಗೆ ಚೂರೋ ತಳ ಹೋದ ಪಾತ್ರೆಯೋ ಇಡುತ್ತಿದ್ದರು. ಲಾರಿಯ ಸದ್ದು ಕೇಳಿದರೆ ಸಾಕು, ಬೀದಿಯೆಲ್ಲ ಓಡಿ ಬಂದು ತಂತಮ್ಮ ಕಲ್ಲಿನ ಹಿಂದೆ ನಿಲ್ಲುತ್ತಿತ್ತು. ಕೊಂಡವರ ಕಲ್ಲು ಮತ್ತೆ ಬಾಲಕ್ಕೆ ಹೋಗುತ್ತಿತ್ತು. ನಡುವೆ ಆ ಕಲ್ಲುಗಳನ್ನು ಕಾಯುವವಳು ಚಿಲೊಂಬೊ.

ಆಕೆಯನ್ನು ಯಾರೂ ನೇಮಿಸಿರಲಿಲ್ಲ. ತಾಯಿ ಪ್ರಯಾಣದಲ್ಲಿದ್ದಾಗ ದಾರಿಯ ಪಕ್ಕದ ತಂಗುದಾಣದಲ್ಲಿ ಹುಟ್ಟಿದ್ದಕ್ಕೆ ಆಕೆಗೆ ಆ ಹೆಸರು; ಅವರ ಮಾತಿನಲ್ಲಿ ಚಿಲೊಂಬೊ ಎಂದರೆ ತಂಗುದಾಣ. ಗಂಡ ರೈಲು ಇಂಜಿನ್ನಿಗೆ ನೀಲಗಿರಿ ಸೌದೆ ಒಟ್ಟುತ್ತಿದ್ದವನು. ಯುದ್ಧ ಬಂದು ಹಳಿಗಳು ಹಾರಿಹೋದವು, ಗಂಡನೂ ಹೋದ. ಮೇಲಿನ ಪ್ರಸ್ಥಭೂಮಿಯಿಂದ ಒಂದು ಪಾತ್ರೆ, ಒಂದು ಮುಕ್ಕಾಲಿ ತಲೆಯ ಮೇಲೆ ಹೊತ್ತು ಸಮುದ್ರದ ಕಡೆ ಇಳಿದು ಬಂದಳು. ಕೂರಲು ಬೇರೆ ಜಾಗ ಗೊತ್ತಿರಲಿಲ್ಲವಾದ್ದರಿಂದ ಅಂಗಡಿಯ ಮುಂದೆ ಕೂತಳು. ಅದೇ ಹೊತ್ತಿಗೆ ಇಬ್ಬರು ಹೆಂಗಸರು ಒಂದು ಕಲ್ಲಿಗೆ ಜುಟ್ಟು ಹಿಡಿದು ಜಗ್ಗಾಡುತ್ತಿದ್ದರು. ಚಿಲೊಂಬೊ, "ಅದು ಅವಳದು ಕಣಮ್ಮಾ. ನೀನು ತಂದಿದ್ದಕ್ಕೆ ಮಸಿ ಮೆತ್ತಿತ್ತು, ನೋಡು, ಆ ಮಸಿ ಇನ್ನೂ ನಿನ್ನ ಸೊಂಟದ ಬಟ್ಟೆಯಲ್ಲೇ ಇದೆ" ಅಂದಳು. ಅಂದಿನಿಂದ ಕಲ್ಲುಗಳ ತಂಟೆ ಆಕೆಯ ಪಾಲಿಗೆ ಬಂತು. ಕೊಂಡವರು ಒಂದು ಹಿಡಿ ಬೀನ್ಸೋ ಒಣಮೀನಿನ ತುಂಡೋ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಊರಿಗೆಲ್ಲ ಆಕೆ 'ತಿಯಾ', ಅತ್ತೆ.

ಒಮ್ಮೆ ಒಬ್ಬ ಕ್ಯಾಪ್ಟನ್ ತನ್ನ ಟೋಪಿಯನ್ನೇ ತಂದು ಸಾಲಿನ ತಲೆಯಲ್ಲಿ ಇಟ್ಟುಬಿಟ್ಟ. "ಟೋಪಿಗೆ ಹಸಿವಾಗಲ್ಲ, ಕಾಮ್ರೇಡ್ ಕ್ಯಾಪ್ಟನ್. ಹಸಿದಿರೋ ಹೊಟ್ಟೆ ಇದ್ರೆ ಬಾಲದಲ್ಲಿ ತಂದು ನಿಲ್ಸಿ" ಅಂದಳು. ಬೀದಿ ನಕ್ಕಿತು. ಕ್ಯಾಪ್ಟನ್ನೂ ನಕ್ಕ, ಬೇರೆ ದಾರಿ ಇರಲಿಲ್ಲ.

ಆ ಬಿಳಿ ಕಲ್ಲಿನ ಗುಟ್ಟು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಚಿಲೊಂಬೊಗೆ ಇಬ್ಬರು ಗಂಡುಮಕ್ಕಳು. ಹಿರಿಯ ಸಬಿನೊ ಸರ್ಕಾರದ ಸೈನ್ಯದಲ್ಲಿ. ಕಿರಿಯ ಎವರಿಸ್ತೊನನ್ನು ಜೋಳದ ಹೊಲದಿಂದಲೇ ಕಾಡಿನ ಬಂಡುಕೋರರು ಹಿಡಿದೊಯ್ದಿದ್ದರು. ಈಗ ಅವನು ಆ ಕಡೆಯ ಸಿಪಾಯಿ. ಈ ಕಡೆಗೆ ರಷ್ಯಾ, ಕ್ಯೂಬಾ. ಆ ಕಡೆಗೆ ಅಮೆರಿಕ, ದಕ್ಷಿಣದ ಬಿಳಿಯರ ಸರ್ಕಾರ. ಗಂಡಹೆಂಡಿರ ಜಗಳಕ್ಕೆ ಹೊರಗಿನವರು ಒನಕೆ ಹಂಚುತ್ತಿದ್ದ ಕಾಲ. "ಇಬ್ಬರ ಬಂದೂಕೂ ಬೇರೆ ಬೇರೆ ದೇಶದ್ದು. ಮೂಗು ಮಾತ್ರ ಇಬ್ಬರದೂ ನನ್ನದೇ" ಎಂದು ಒಮ್ಮೆ ಜಸಿಂಟಾಳ ಹತ್ತಿರ ಮೆಲ್ಲಗೆ ಅಂದಿದ್ದಳು. ಬಿಳಿ ಕಲ್ಲು ಎವರಿಸ್ತೊನ ಸರದಿ. ಅದು ಅಂಗಡಿಯ ಬಾಗಿಲು ಮುಟ್ಟಿದಾಗಲೆಲ್ಲ, "ಇವತ್ತೂ ಬರಲಿಲ್ವಾ, ಸೋಮಾರಿ?" ಎಂದು ಮುತ್ತಿಟ್ಟು, ಏನನ್ನೂ ಕೊಳ್ಳದೆ ಹಿಂದಕ್ಕೆ ಒಯ್ದು ಇಡುತ್ತಿದ್ದಳು.

ಆ ವಾರ ರೇಡಿಯೊ ಒಂದೇ ಸಮನೆ ಒದರುತ್ತಿತ್ತು. ದಕ್ಷಿಣದ ಸೈನ್ಯ ಗಡಿ ದಾಟಿದೆಯಂತೆ, ಕ್ಯೂಬಾದಿಂದ ಇನ್ನಷ್ಟು ಹಡಗು ಹೊರಟಿವೆಯಂತೆ, ಅಮೆರಿಕ ಗುರ್ ಅಂದಿತಂತೆ, ರಷ್ಯಾ ತಿರುಗಿ ಗುರ್ ಅಂದಿತಂತೆ. ಇದೆಲ್ಲದರ ನಡುವೆ ಸಬಿನೊಗೆ ರಜೆ ಸಿಕ್ಕಿತು. ಶನಿವಾರ ಡೆಲ್ಫಿನಾ ಜೊತೆ ಮದುವೆ, ಭಾನುವಾರ ಮತ್ತೆ ರಣರಂಗಕ್ಕೆ.

"ಕೇಕಿಲ್ಲದೆ ಮದುವೆನಾ?" ಎಂದು ಚಿಲೊಂಬೊ ಎದೆ ಬಡಿದುಕೊಂಡಳು. "ಡೆಲ್ಫಿನಾಳ ಸೋದರತ್ತೆಯಂದಿರು ನನ್ನನ್ನ ಮೊಮ್ಮಕ್ಕಳ ಕಾಲದವರೆಗೂ ಹಂಗಿಸ್ತಾರೆ. ಹೋಗೋ ಮಗನಿಗೆ ಒಂದು ತುಂಡು ಸಿಹಿ ಕೊಟ್ಟು ಕಳಿಸದಿದ್ರೆ ನಾನೆಂಥ ತಾಯಿ?" ಗುರುವಾರ ಗೋಧಿ ಹಿಟ್ಟು ಬರುತ್ತದೆಂಬ ಸುದ್ದಿಯಿತ್ತು. ಆದರೆ ಆಕೆ ಮೊನ್ನೆಯಷ್ಟೇ ಮೀನು ಕೊಂಡಿದ್ದಳು. ಆಕೆಯ ಸ್ವಂತ ಕಲ್ಲು ಸಾಲಿನ ತೀರ ಬಾಲದಲ್ಲಿತ್ತು.

"ನನ್ನ ಜಾಗ ತಗೊಳ್ಳಿ, ತಿಯಾ" ಅಂದಳು ಜಸಿಂಟಾ.

"ನಿನ್ನ ಮಕ್ಕಳ ರೊಟ್ಟಿ ತೆಗೆದು ನನ್ನ ಮಗನಿಗೆ ಕೇಕು ಮಾಡ್ಲಾ? ಸುಮ್ನಿರು."

ಬುಧವಾರ ಬೆಳಗ್ಗೆ ಚಿಲೊಂಬೊ ಬೀಗರ ಮನೆಗೆ ಮಾತುಕತೆಗೆ ಹೋಗಿದ್ದಳು. ಜಸಿಂಟಾ ಅಂಗಡಿಯ ಕಡೆ ಬಂದು ನೋಡಿದರೆ ನೆಲ ಬೋಳು! ಒಂದು ಕಲ್ಲೂ ಇಲ್ಲ. ಹೊಸದಾಗಿ ಬಂದ ಸಿಪಾಯಿಗಳು ಲಾರಿಗೆ ತುಂಬಿಕೊಂಡು ಹೋಗಿದ್ದರು. ವಿಮಾನ ಬರಬಹುದೆಂದು ಬಂದರಿನ ಫಿರಂಗಿಯ ಸುತ್ತ ಗೋಡೆ ಕಟ್ಟಬೇಕಿತ್ತಂತೆ. ಬೀದಿಯಲ್ಲಿ ಬಿದ್ದ ಕಲ್ಲು, ಯಾರಪ್ಪನ ಗಂಟು ಅಂದುಕೊಂಡರೋ ಏನೋ.

ಕ್ಷಣದಲ್ಲಿ ಬೀದಿ ಸಂತೆಯಾಯಿತು. ದರ್ಜಿ ಬೋನಿಫಾಸಿಯೊ, "ನನ್ನದೇ ಮೊದಲಿತ್ತು!" ಎಂದು ಕಿರುಚಿದ. ಅದನ್ನು ಕೇಳಿ ಎಲ್ಲರೂ ಮೊದಲಿನವರಾದರು, ಎರಡನೆಯವರು ಒಬ್ಬರೂ ಸಿಗಲಿಲ್ಲ. ಅಷ್ಟರಲ್ಲಿ ಚಿಲೊಂಬೊ ಬಂದಳು. ವಿಷಯ ಕೇಳಿದಳು. ಮುಕ್ಕಾಲಿ ತಲೆಯ ಮೇಲಿಟ್ಟು ಬಂದರಿನ ಕಡೆ ನಡೆದಳು. ಬೀದಿಯೆಲ್ಲ ಹಿಂದೆ.

ಗೋಡೆ ಎದೆಯೆತ್ತರ ಎದ್ದಿತ್ತು. ಉಸ್ತುವಾರಿಗೆ ಎಲಿಸಿಯೊ ಎಂಬ ಕ್ಯೂಬಾದ ಸಾರ್ಜೆಂಟ್, ದಪ್ಪ ಮೀಸೆಯವನು. ಅವನ ಭಾಷೆ ಇವರದಕ್ಕೆ ದಾಯಾದಿ, ಅರ್ಧ ಮಾತು, ಅರ್ಧ ಕೈಸನ್ನೆ.

"ಹತ್ತಿರ ಬರಬೇಡಮ್ಮಾ, ಇದು ರಕ್ಷಣೆಯ ಗೋಡೆ."

"ಇದು ಗೋಡೆಯಲ್ಲಪ್ಪಾ, ನಮ್ಮ ಸರದಿ" ಅಂದಳು ಚಿಲೊಂಬೊ.

"ಸರದಿನಾ? ಅಂಗಡಿ ಸರದಿನಾ?" ಸಾರ್ಜೆಂಟನ ಮುಖ ಬಿಳಿಚಿತು. ಅವನೂ ಸಾಲಿನಲ್ಲೇ ಬೆಳೆದವನು. ಅವನ ಊರಲ್ಲಿ ಬಂದವರು "ಕೊನೆಯವರು ಯಾರು?" ಎಂದು ಕೂಗಿ ಜಾಗ ಹಿಡಿಯುತ್ತಾರಂತೆ. "ಅಯ್ಯೋ, ಸಾಲು ಕೆಡಿಸಿದೆ ಅಂತ ನಮ್ಮಮ್ಮನಿಗೆ ಗೊತ್ತಾದ್ರೆ ನನ್ನನ್ನ ಮನೆಗೇ ಸೇರಿಸಲ್ಲ! ಏಯ್, ಕಳಚ್ರೋ!"

ಒಂದು ತೆಗೆದರೆ ಎರಡು ಕಲ್ಲು ಗುಡ್ಡದಿಂದ ತಂದುಕೊಡುವುದೆಂದು ಮಾತಾಯಿತು. ಗಂಡಸರು ಹೊತ್ತರು, ಮಕ್ಕಳು ಉರುಳಿಸಿದರು. ಚಿಲೊಂಬೊ ಮುಕ್ಕಾಲಿಯ ಮೇಲೆ ಕುಳಿತು ಒಂದೊಂದನ್ನೇ ಕರೆದಳು. "ಅದು ಜಸಿಂಟಾಳದು, ಮೂಲೆ ಮುರಿದಿದೆ. ಅದು ಸೂಲಗಿತ್ತಿಯದು. ಈ ಇಟ್ಟಿಗೆ ಬೋನಿಫಾಸಿಯೊನದು. ಆ ಹಸಿರು ಇಟ್ಟಿಗೆಯೂ ಅವನದೇ."

"ಎರಡು ಇಟ್ಟಿದ್ಯಾ, ಕಳ್ಳಾ!" ಎಂದು ಜನ ಮುಗಿಬಿದ್ದರು.

"ಎರಡನೇದು ಗೋಡೆಯಲ್ಲೇ ಇರ್ಲಿ. ಬೋನಿಫಾಸಿಯೊ ದೇಶಕ್ಕೆ ದಾನ ಕೊಟ್ಟ" ಅಂದಳು ಚಿಲೊಂಬೊ.

ಬಿಳಿ ಕಲ್ಲು ಸಿಕ್ಕಿದ್ದು ಕೊನೆಗೆ, ತಳದ ಸಾಲಿನಲ್ಲಿ. ಎಲಿಸಿಯೊ ಎತ್ತಿಕೊಂಡು, "ಇದು ಯಾರದು?" ಎಂದು ಕೇಳಿದ.

"ನನ್ನ ಕಿರಿಮಗನದು."

"ಅವನೆಲ್ಲಿ?"

ಜಸಿಂಟಾ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ದೂರ ಇದ್ದಾನಪ್ಪಾ," ಅಂದಳು ಚಿಲೊಂಬೊ. "ಅವನ ಸಾಲು ಉದ್ದ ಇದೆ."

ಸಾರ್ಜೆಂಟ್ ಆಕೆಯ ಮುಖ ನೋಡಿದ. ಏನು ಅರ್ಥವಾಯಿತೋ, ಕಲ್ಲಿನ ಮಣ್ಣನ್ನು ತನ್ನ ಅಂಗಿಗೇ ಒರೆಸಿ ಎರಡೂ ಕೈಯಲ್ಲಿ ಕೊಟ್ಟ.

ಸಾಲು ಮತ್ತೆ ಕೂಡಿತು. ಯಾರ ಕಲ್ಲು ಎಲ್ಲಿತ್ತೆಂದು ಬಲ್ಲವಳು ಆಕೆಯೊಬ್ಬಳೇ. ತನ್ನದನ್ನು ಮುಂದಕ್ಕೆ ತಂದಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆಕೆ ಅದನ್ನು ಒಯ್ದು ಬಾಲದಲ್ಲೇ ಇಟ್ಟಳು. ಜಸಿಂಟಾಳಿಗೆ ನೋಡಲಾಗಲಿಲ್ಲ.

ಗುರುವಾರ ಹಿಟ್ಟು ಬಂತು. ಚೀಲದ ಮೇಲೆ ಅಮೆರಿಕದ ಗುರುತು, ಕೈಕುಲುಕುವ ಚಿತ್ರ. ಆ ಕಡೆಗೆ ಕ್ಷಿಪಣಿ ಕೊಡುವವರೇ ಈ ಕಡೆಗೆ ಹಿಟ್ಟು ಕಳಿಸಿದ್ದರು. ಅದಕ್ಕೆ ತಲೆ ಕೆಡಿಸಿಕೊಳ್ಳುವಷ್ಟು ಹೊತ್ತು ಯಾರಿಗಿತ್ತು? ಚೀಲಗಳು ಕಡಿಮೆ, ಅರ್ಧ ಸಾಲಿಗೂ ಸಾಲದು. ಜಸಿಂಟಾ ತನ್ನ ಪಾಲು ಪಡೆದು ಪಕ್ಕಕ್ಕೆ ಸರಿದಳು. ಮುಂದಿನ ಸರದಿ ಬಿಳಿ ಕಲ್ಲಿನದು. ಚಿಲೊಂಬೊ ಎಂದಿನಂತೆ ಬಗ್ಗಿ ಮುತ್ತಿಟ್ಟು ಹಿಂದಕ್ಕೆ ಒಯ್ಯಲು ಎತ್ತಿಕೊಂಡಳು.

"ಇಡು ಕೆಳಗೆ!"

ಕೂಗಿದವನು ಬೋನಿಫಾಸಿಯೊ. ಎಲ್ಲರೂ ತಿರುಗಿದರು.

"ನೆನ್ನೆ ನನ್ನ ಮಾನ ಕಳೆದೆ, ಇವತ್ತು ನನ್ನ ನ್ಯಾಯ ಕೇಳು. ಅಣ್ಣನ ಮದುವೆಗೆ ತಮ್ಮ ಏನೂ ಕಳಿಸದೆ ಇರ್ತಾನಾ? ಚೀಲದ ಮೇಲಿರೋ ಗುರುತು ನೋಡು, ತಿಯಾ. ಯಾರ ಕಡೆಯಿಂದ ಬಂದಿರೋದು ಅದು?"

ಅದು ಆಡಬಾರದ ಮಾತು. ಆಮೇಲೆ ಸಾಲಿನ ನಡುವಿನಿಂದ ಸೂಲಗಿತ್ತಿ, "ಹೌದ್ರೇ, ಉಡುಗೊರೆ ವಾಪಸ್ ಕಳಿಸೋದು ಅಪಶಕುನ" ಅಂದಳು. ಯಾರೋ ಕಿಸಕ್ಕೆಂದರು. ನಗು ಸಾಲಿನುದ್ದಕ್ಕೂ ಹಬ್ಬಿತು. ಅಂಗಡಿಯವನು ಸೂರು ನೋಡುತ್ತ, "ಬಿಳೀ ಕಲ್ಲು, ಬೇಗ ಬನ್ನಿ, ಹಿಂದೆ ಜನ ಇದ್ದಾರೆ" ಅಂದ.

ಚಿಲೊಂಬೊ ಸೊಂಟದ ಬಟ್ಟೆ ಬಿಡಿಸಿ ಹಿಡಿದಳು. ಹಿಟ್ಟು ಬೀಳುವಾಗ ಆಕೆಯ ಮುಖ, ರೆಪ್ಪೆ, ಆ ಮೂಗು, ಎಲ್ಲ ಬೆಳ್ಳಗಾದವು. "ಬಂದ್ಯಾ, ಸೋಮಾರಿ," ಎಂದಳು, "ಕೊನೆಗೂ ಬಂದ್ಯಾ."

ಸಕ್ಕರೆ ಎಲಿಸಿಯೊ ಕಳಿಸಿದ. ಬೆಣ್ಣೆ ರಷ್ಯಾದ ಡಬ್ಬಿಯದು, ಮೊಟ್ಟೆ ಜಸಿಂಟಾಳ ಕೋಳಿಯದು. ಶುಕ್ರವಾರ ಬೇಕರಿಯ ಒಲೆಯ ಮುಂದೆ ಕುಳಿತ ಮುದುಕಿ ಚಿಸೋಲಾಗೆ ಹೇಳುತ್ತಿದ್ದಳು: "ನೋಡ್ತಾ ಇರು ಪುಟ್ಟಿ, ರೇಡಿಯೊದಲ್ಲಿ ಎಷ್ಟು ಕಚ್ಚಾಡಿದ್ರೂ ಒಲೆಯೊಳಗೆ ಒಟ್ಟಿಗೇ ಉಬ್ಬಬೇಕು, ಮುಂಡೇವು."

ಸಂಜೆ ಆಕೆ ಜಸಿಂಟಾಳ ಬಾಗಿಲಿಗೆ ಬಂದಳು. ತಲೆಯ ಮೇಲೆ ಮುಕ್ಕಾಲಿ. ಅದನ್ನು ಇಳಿಸಿ ಹೊಸಿಲ ಬಳಿ ಇಟ್ಟಳು. ಜಸಿಂಟಾ ಕಂಡಂತೆ ಆಕೆ ಅದನ್ನು ಬೇರೆಯವರ ಮನೆಯಲ್ಲಿ ಇಳಿಸಿದ್ದು ಅದೇ ಮೊದಲು.

"ನಾಳೆ ಒಂದು ದಿನ ಇದರ ಮೇಲೆ ನೀನು ಕೂರ್ತೀಯಾ, ಮಗಳೇ? ನಾನು ಕಾಲು ಬೀಳೋ ತನಕ ಕುಣಿಬೇಕು. ಕಲ್ಲುಗಳನ್ನ ನೋಡ್ಕೋ, ಬೋನಿಫಾಸಿಯೊ ಮೇಲೆ ಒಂದು ಕಣ್ಣಿಟ್ಟಿರು. ಬಿಳೀದನ್ನ ಬಾಲದಲ್ಲಿ ಇಟ್ಟು ಬಂದಿದ್ದೀನಿ. ಸಾಲು ಸರಿದ ಹಾಗೆ ಅದನ್ನೂ ಸರಿಸ್ತಾ ಹೋಗು. ಒಂದು ವೇಳೆ ಬಾಗಿಲು ಮುಟ್ಟಿದ್ರೆ ತಿರುಗಿ ಹಿಂದಕ್ಕೆ ಒಯ್ದು ಇಡು. ಮುತ್ತು ಕೊಡೋದನ್ನ ಮಾತ್ರ ಮರೀಬೇಡ."