ಮೂರನೇ ದಿನದ ಹಾಲು-ತುಪ್ಪ

ನನ್ನ ನಾಲಿಗೆ ಕೆಟ್ಟದ್ದೆಂದು ಊರಿಗೆಲ್ಲ ಗೊತ್ತು. ಎಷ್ಟು ಕೆಟ್ಟದ್ದೆಂದು ಗೊತ್ತಿರುವುದು ಅಕ್ಕನಿಗೆ ಮಾತ್ರ.

ಅಕ್ಕ ಪಾಂಡವಪುರದಲ್ಲಿ ಗಂಡ ಸತ್ತ ಮೇಲೆ ಕ್ರಿಸ್ತನನ್ನು ನಂಬಿದಳು. ಕೆ.ಆರ್.ಪೇಟೆ ಕಡೆಯ ನಮ್ಮ ಮನೆಯಲ್ಲಿ ಅವಳ ಹೆಸರೆತ್ತಿದರೆ ಅಪ್ಪ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದರು. ಅವಳಿಗಿದ್ದವಳು ಒಬ್ಬಳೇ ಮಗಳು. ಹದಿನಾರಕ್ಕೆ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದಳು. ಶ್ರೀರಂಗಪಟ್ಟಣದ ಹತ್ತಿರ, ಅವರ ಚರ್ಚಿನ ಸಭೆಯವರ ಸ್ಮಶಾನದಲ್ಲಿ ಮಣ್ಣು ಮಾಡಿದರು.

ನಮ್ಮಲ್ಲಿ ಮೂರನೇ ದಿನ ಗುಂಡಿಯ ಮೇಲೆ ಹಾಲು-ತುಪ್ಪ ಬಿಡಬೇಕು, ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು, ಅದನ್ನು ಕಾಗೆ ಮುಟ್ಟಬೇಕು. ನಾನು ಹಾಲಿನ ಚೊಂಬು ಹಿಡಿದು ಬಸ್ಸಿನಲ್ಲಿ ಹೋದೆ. ಸೋದರಮಾವನಲ್ಲವೇ, ಕರುಳು ಕೇಳಲಿಲ್ಲ. ಅಕ್ಕ ಬೇಡವೆಂದಳು. ನನಗೆ ಪಿತ್ತ ನೆತ್ತಿಗೇರಿತು.

“ನಿನ್ ದ್ಯಾವ್ರು ಮೂರ್ನೇ ದಿನುಕ್ಕೆ ಎದ್ದನಂತಲ್ಲ. ಇವತ್ತು ಮೂರ್ನೇ ದಿನ. ಎಬ್ಬುಸು ನೋಡಾನ,” ಎಂದೆ.

ಹಸಿ ಮಣ್ಣಿನ ಮುಂದೆ ನಿಂತು, ಹೆತ್ತವಳಿಗೆ ಹಾಗೆಂದೆ. ಅಕ್ಕ ಅಳಲಿಲ್ಲ.

“ಅವ್ನು ಎದ್ದಿಲ್ಲ ಅಂದ್ರೆ ನನ್ ಮಗಳು ಬರೀ ಮಣ್ಣು ಕಣ್ಲಾ. ಎದ್ದವ್ನೆ. ಅದ್ಕೇ ಇವ್ಳೂ ಒಂದಿನ ಏಳ್ತಾಳೆ. ನಂಗೆ ಇನ್ಯಾವ ಆಸ್ರೇನೂ ಇಲ್ಲ,” ಎಂದಳು.

ಹಾಲನ್ನು ಬೇಲಿಗೆ ಚೆಲ್ಲಿ ಬಂದೆ.

ಹೋದ ವರ್ಷ ಕೆ.ಆರ್.ಎಸ್. ರಸ್ತೆಯಲ್ಲಿ ನನ್ನ ಮಗ ಬೈಕಿನಿಂದ ಬಿದ್ದು ಸತ್ತ. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮೂರನೇ ದಿನ ಹಾಲು-ತುಪ್ಪ ಬಿಟ್ಟು, ಅವನಿಗೆ ಪ್ರಾಣವಾಗಿದ್ದ ಚಿತ್ರಾನ್ನ, ಬೇಕರಿಯ ಪಫ್ಸು ಎಡೆ ಇಟ್ಟೆವು. ಕಾಗೆ ಬೇಗ ಮುಟ್ಟಿತು. ತೃಪ್ತಿಯಾಗಿ ಹೋದ, ಇನ್ನು ನಡೀರಿ ಎಂದು ನೆಂಟರು ಕೈಕಾಲು ತೊಳೆಯಲು ಹೊರಟರು. ಇಪ್ಪತ್ತೆರಡು ವರ್ಷ ಸಾಕಿದ ಮಗನ ಕಥೆ ಒಂದು ಕಾಗೆ ಕುಕ್ಕಿದಲ್ಲಿಗೆ ಮುಗಿದುಹೋಯಿತು. ಆ ಕಾಗೆಗೆ ಕಲ್ಲು ಬೀರಿದೆ.

ಸುದ್ದಿ ಕೇಳಿ ಬಂದ ಅಕ್ಕ ಬದುವಿನ ಮೇಲೆ ನಿಂತಿದ್ದಳು. ಅಂದಿನ ನನ್ನ ಮಾತನ್ನು ನನಗೇ ತಿರುಗಿಸುತ್ತಾಳೆಂದು ಕಾದೆ. ತಿರುಗಿಸಿದ್ದರೆ ನನ್ನ ಪಾಪವಾದರೂ ಕಡಿಮೆಯಾಗುತ್ತಿತ್ತು. ಅವಳು ಹತ್ತಿರ ಬಂದು ಬೆನ್ನ ಮೇಲೆ ಕೈಯಿಟ್ಟಳು. ಕೊನೆಗೆ ನಾನೇ ಬಾಯಿಬಿಟ್ಟೆ.

“ಅಕ್ಕ, ಇವ್ನೂ ಏಳ್ತಾನೆ ಅಂತ ಒಂದ್ ಮಾತು ಅನ್ನು.”

“ನನ್ ದ್ಯಾವ್ರು ಎದ್ದಿರಾದ್ನ ನೀನು ನಂಬ್ತೀಯೇನ್ಲಾ?”

ಮಗನ ಮಣ್ಣಿನ ಮುಂದೆ ಸುಳ್ಳು ಹೇಳಲು ಆಗಲಿಲ್ಲ. ಇಲ್ಲ ಎಂದೆ.

ಮಗಳ ಗುಂಡಿಯ ಮುಂದೆ ಅಳದಿದ್ದವಳು ಅವತ್ತು, ಆ ಆಸರೆಯೂ ಇಲ್ಲದ ನನ್ನ ಮುಖ ನೋಡಿ ಅತ್ತಳು.